ಬರ್ತೇನಿ ಎಂದವರು

ಇಸವಿ ೨೩೪೧, ನಡುಬೇಸಿಗೆ ತಿಂಗಳ ಮೂವತ್ತನಾಲ್ಕನೆಯ ದಿನ

ಬಣವಿಕೊಪ್ಪದ ಕಸ್ತೂರೆವ್ವನವರಿಗೆ,

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವಳು ಬರೆದಿದ್ದಾಳೆಂದು ಕಾಗದ ಮಡಿಚಿಡಬೇಡಿ. ನಿಮ್ಮ ಕಾಲದ ಬೇಸಿಗೆ ಬೆಳೆದು ಬೆಳೆದು ಹನ್ನೆರಡು ತಿಂಗಳಲ್ಲಿ ಹಿಡಿಸದಾಯಿತು. ಮಿಕ್ಕ ತಿಂಗಳುಗಳ ದಿನ ಕಿತ್ತು ನಾವು ಉದ್ದನೆಯ ಹದಿಮೂರನೆಯದೊಂದನ್ನು ಸೇರಿಸಿಕೊಂಡೆವು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅದರಲ್ಲಿ ಅರ್ಧ ಶಾಲೆಯಲ್ಲಿ ಕಲಿತದ್ದು, ಉಳಿದರ್ಧ ನಿಮ್ಮ ಬಾಯಿಂದಲೇ ಕಲಿತದ್ದು. ನನ್ನ ಹೆಸರು ಸೌಗಂಧಿ. ಮೂರು ವರ್ಷ ನಾನು ನೀವಾಗಿ ಬದುಕಿದ್ದೇನೆ.

ಇತಿಹಾಸದ ಪದವಿಗೆ ನಮ್ಮಲ್ಲಿ ಪುಸ್ತಕ ಓದುವುದಿಲ್ಲ, ಬಾಳಾಟ ಆಡುತ್ತೇವೆ. ನಿಮ್ಮ ಕಾಲದ ಮಕ್ಕಳು ಪರದೆಯ ಮೇಲೆ ಮನೆ ಕಟ್ಟಿ, ಗೊಂಬೆಯಂಥ ಮನುಷ್ಯರಿಗೆ ಉಣಿಸಿ, ಮಲಗಿಸಿ, ಕೆಲಸಕ್ಕೆ ಕಳಿಸಿ ಆಡುತ್ತಿದ್ದರಲ್ಲ, ಆ ವಿಡಿಯೋ ಗೇಮಿನ ಮರಿಮೊಮ್ಮಗ ಇದು. ನಿಮ್ಮ ಮೊಬೈಲುಗಳಲ್ಲಿ ಉಳಿದ ಫೋಟೊ, ಮಾತು, ಸಂದೇಶಗಳಿಂದ ಊರಿಗೆ ಊರನ್ನೇ ಮತ್ತೆ ಕಟ್ಟಿದ್ದಾರೆ. ದಾಖಲೆ ಇಲ್ಲದ ಕಡೆ ತುಂಬುಗ ಎಂಬ ಯಂತ್ರ ತಾನೇ ಊಹಿಸಿ ತುಂಬುತ್ತದೆ. ವಿದ್ಯಾರ್ಥಿಗೆ ಯಾರದಾದರೂ ಬದುಕನ್ನು ಕೊಡುತ್ತಾರೆ, ಅದನ್ನು ಅವರಂತೆಯೇ ಬದುಕಿ ತೋರಿಸಬೇಕು. ಚೀಟಿ ಎತ್ತಿದಾಗ ನನಗೆ ಬಂದದ್ದು ನಿಮ್ಮ ಹೆಸರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ, ಶೀಟು ಹೊದಿಸಿದ ಎರಡು ಕೋಣೆಯ ಮನೆ, ಜೊತೆಗೆ ತಂಗಿ ಫಕೀರವ್ವ.

ಮೊದಲ ವಾರವೇ ನಿಮ್ಮನ್ನು ಉಪವಾಸ ಕೆಡವಿದೆ. ಹಸಿವಾದರೆ ಕಣ್ಣಿನ ಮೂಲೆಯಲ್ಲಿ ಒಂದು ಹಸಿರು ಗೆರೆ ಕೆಂಪಾಗುತ್ತದೆ. ನಾನು ಅದನ್ನು ಮೆಣಸಿನಕಾಯಿ ಎಂದುಕೊಂಡು ಸುಮ್ಮನಿದ್ದೆ. ರೊಟ್ಟಿ ಬಡಿಯುವುದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು. ನನ್ನ ಮೊದಲ ರೊಟ್ಟಿ ನೋಡಿ ಫಕೀರವ್ವ, "ಅಕ್ಕಾ, ಇದನ್ನ ತಿನ್ನೂದೊ, ಬಾಗಲಕ್ಕ ಬಡಿಯೂದೊ?" ಎಂದು ಬಿದ್ದು ಬಿದ್ದು ನಕ್ಕಳು. ಮಾತನ್ನು ತುಂಬುಗ ಪೋಣಿಸಿದ್ದಿರಬಹುದು, ನಗು ಮಾತ್ರ ಅವಳದೇ. ಅದು ನಿಮ್ಮ ಮೊಬೈಲಿನಲ್ಲಿ ಉಳಿದಿತ್ತು. ಒಡಹುಟ್ಟಿದವರಿಲ್ಲದ ನನಗೆ ಆ ನಗುವಿನ ಹುಚ್ಚೇ ಹಿಡಿಯಿತು ಅನ್ನಿ. ಪಕ್ಕದ ಮನೆಯ ನಿಂಗಜ್ಜಿ "ಊಟ ಆತೇನವ್ವಾ?" ಎಂದಾಗ ನಾನು ನಿಂತು, ಎರಡು ರೊಟ್ಟಿ, ಕಾಳುಪಲ್ಯ, ಅರ್ಧ ಉಳ್ಳಾಗಡ್ಡಿ ಎಂದು ವರದಿ ಒಪ್ಪಿಸಿದೆ. ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. ಇನ್ನೊಂದು ದಿನ ಅವಳ ಕಟ್ಟೆಯಿಂದ ಏಳುತ್ತ "ಹೋಗ್ತೇನಿ" ಎಂದುಬಿಟ್ಟೆ. ಅಜ್ಜಿಯ ಮುಖ ಕಪ್ಪಿಟ್ಟಿತು. "ಹಂಗ ಅನಬಾರ್ದು. ಹೋಗಿ ಬರ್ತೇನಿ ಅನ್ನು," ಎಂದು ಬೆನ್ನಿಗೆ ಗುದ್ದಿದಳು. ನಮ್ಮ ಕಾಲದಲ್ಲಿ ಹೊರಡುವವರು ಏನೂ ಹೇಳುವುದಿಲ್ಲ, ಬಾಗಿಲೇ ಗುರುತು ಹಾಕಿಕೊಳ್ಳುತ್ತದೆ. ನಿಮ್ಮ ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಹಾಸ್ಟೆಲಿನ ಖಾಲಿ ಗೋಡೆಗೂ ಬರ್ತೇನಿ ಎಂದು ಹೇಳಿ ಹೊರಡತೊಡಗಿದೆ. ಅದು ಸುದ್ದಿ ಹೇಳುವ ಮಾತಲ್ಲ, ಹಾಗಾಗಲಿ ಎಂದು ಬೇಡಿಕೊಳ್ಳುವ ಮಾತು ಎಂಬುದು ಆವತ್ತೇ ತಿಳಿಯಿತು.

ಆಮೇಲೆ ಆ ಮಂಗಳವಾರ ಬಂತು, ಹೋಳಿ ಹುಣ್ಣಿಮೆಗೆ ಮೊದಲಿನದು. ನಿಮಗೆ ಜ್ವರ, ಮನೆಯಲ್ಲೇ ಉಳಿದಿರಿ. ಫಕೀರವ್ವ ಬುತ್ತಿ ಡಬ್ಬಿ ಹಿಡಿದು "ಅಕ್ಕಾ, ಬರ್ತೇನಿ" ಎಂದು ಹೊರಟಳು. ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಬಿಚ್ಚಿ ಕಾಯಿ ಆರಿಸಲು ಹತ್ತೊಂಬತ್ತು ಹೆಂಗಸರು ಒಳಗೆ ಹೋದರು. ಮಧ್ಯಾಹ್ನ ಮೂರಕ್ಕೆ ಏನೋ ಸಿಡಿದ ಸದ್ದು. ಅಲ್ಲಿಯ ತಂಪು ಕೊಳವೆಗಳ ಅಮೋನಿಯಾ ಗಾಳಿಗೆ ಊರೇ ಕಣ್ಣು ಬಿಡಲಾರದಾಯಿತು, ಜನ ಒದ್ದೆ ಸೆರಗು ಮುಖಕ್ಕೆ ಒತ್ತಿಕೊಂಡು ಓಡಿದರು. ಅಷ್ಟರಲ್ಲಿ ಬಾಳಾಟ ಮಂಜಾಯಿತು. ಮತ್ತೆ ತಿಳಿಯಾದಾಗ ಸಂಜೆ ಆರು ಗಂಟೆ. ಹತ್ತೊಂಬತ್ತೂ ಹೆಂಗಸರು ಸಾಲಾಗಿ ನಡೆದು ಮನೆಗೆ ಬಂದರು. ಫಕೀರವ್ವ ಕಾಲು ತೊಳೆದು ಡಬ್ಬಿಯನ್ನು ಮೊಳೆಗೆ ತೂಗುಹಾಕಿದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ನಿಜವಾದ ನೀವು ಆ ಸಂಜೆ ಏನು ಮಾಡಿದಿರೋ ನೆನೆಯಲು ಹೆದರಿಕೆಯಾಗುತ್ತದೆ.

ಯಾಕೆಂದರೆ ಮರುದಿನದಿಂದ ಅವಳು ಒಂದೂ ಹೊಸ ಮಾತು ಆಡಲಿಲ್ಲ. ಅದೇ ಹಳದಿ ಸೀರೆ, ಅದೇ ನಗು, ಅಷ್ಟೇ ಉದ್ದ. ಚಹಾ ಕುಡಿಯುತ್ತಾಳೆ, ಲೋಟದಲ್ಲಿ ಚಹಾ ಇಳಿಯುವುದಿಲ್ಲ. ಬಾಳಾಟದಲ್ಲಿ ಕಾಲ ನಮ್ಮದಕ್ಕಿಂತ ಬೇಗ ಓಡುತ್ತದೆ, ಅಲ್ಲಿ ಐದು ವರ್ಷ ಕಳೆದವು. ನಿಮ್ಮ ಕೂದಲು ನೆರೆಯಿತು, ಅವಳದು ನೆರೆಯಲಿಲ್ಲ. ಸಂಜೆ ಆರಾಗುತ್ತಿದ್ದಂತೆ ನಾನು ಬಾಗಿಲಿಗೆ ಬೆನ್ನು ಹಾಕಿ ಕೂರತೊಡಗಿದೆ. ಕೊನೆಗೆ ನಿಮ್ಮ ಮೊಬೈಲಿನ ಮೂಲ ದಾಖಲೆಗಳನ್ನು ಕೆದಕಿದೆ. ಆ ಮಂಗಳವಾರದ ನಂತರದ್ದು ಒಂದೇ ಒಂದು ಧ್ವನಿಸಂದೇಶ, ಯಾರೋ ನೆಂಟರಿಗೆ ಕಳಿಸಿದ್ದು. ನೀವು ಅಳುತ್ತ ಹೇಳಿದ್ದಿರಿ: "ಬರ್ತೇನಂತ ಹೇಳೇ ಹೋದ್ಲವ್ವಾ... ಹೋಗೇಬಿಟ್ಲು."

ನನಗೆ ಅರ್ಥವಾಯಿತು. ತುಂಬುಗಕ್ಕೆ ಆಗಲಿಲ್ಲ. ನೀವು ಹೊರಡುವಾಗ ಬರ್ತೇನೆ ಅನ್ನುವವರು, ಸತ್ತವರನ್ನು ಹೋದರು ಅನ್ನುವವರು. ಯಂತ್ರ ಎರಡನ್ನೂ ಅಕ್ಷರಕ್ಕೆ ಅಕ್ಷರ ನಂಬಿತು. ಹೋದಳು, ಬರ್ತೇನೆ ಅಂದಿದ್ದಳು, ಆದ್ದರಿಂದ ಬಂದಳು. ನಿಮ್ಮ ಕಾಲದ ಪತ್ರಿಕೆ, ಕಡತಗಳು ನಮ್ಮವರೆಗೆ ಉಳಿದಿಲ್ಲ, ಬಣವಿಕೊಪ್ಪದ ಯಾರ ಮೊಬೈಲಿನಲ್ಲೂ ಸತ್ತಳು ಎಂಬ ಮಾತು ಸಿಗಲಿಲ್ಲ. ಹೇಗೆ ತಾನೆ ಆಡುತ್ತೀರಿ, ಬಾಯಿ ಬರಬೇಕಲ್ಲ.

ಕೊನೆಯ ಪರೀಕ್ಷೆಯಲ್ಲಿ, ಆ ದಿನ ಹತ್ತೊಂಬತ್ತು ಹೆಂಗಸರು ಸತ್ತರು ಎಂದು ಬರೆದೆ. ನಮ್ಮ ಗುರುಗಳು ಅಂದಾನಯ್ಯನವರು ಸೊನ್ನೆ ಹಾಕಿದರು. "ಅಳು ದಾಖಲೆಯಲ್ಲಮ್ಮಾ. ಬರ್ತೇನೆ ಅಂದರು, ಬಂದರು. ಇನ್ನೇನು ಬೇಕು ನಿನಗೆ?" ಎಂದರು. ಕೆಟ್ಟವರಲ್ಲ ಅವರು, ಉತ್ತರ ತಿದ್ದಲು ಒಂದು ವಾರ ಕೊಟ್ಟರು. ನಮ್ಮ ನಗರದಲ್ಲಿ ಈಗ ತಂಪುಕೋಟೆ ಎದ್ದಿದೆ. ಬಿಸಿಲು ತಾಳದೆ ಎರಡು ಲಕ್ಷ ಜನ ಅದರೊಳಗೆ ವಾಸಕ್ಕೆ ಹೋಗಲಿದ್ದಾರೆ, ತಂಪು ಮಾಡುವುದು ನಿಮ್ಮ ಕಾಲದ ರೀತಿಯದೇ ಅಮೋನಿಯಾ ಕೊಳವೆಗಳಿಂದ. ಇದರಿಂದ ಹಿಂದೆ ಎಂದಾದರೂ ಯಾರಾದರೂ ಸತ್ತಿದ್ದಾರೆಯೇ ಎಂದು ನಗರಸಭೆ ನಮ್ಮ ಇತಿಹಾಸ ವಿಭಾಗವನ್ನು ಕೇಳಿತು. ಎಲ್ಲರೂ ಸಂಜೆ ಮನೆಗೆ ಬಂದಿದ್ದಾರೆ ಎಂದು ವಿಭಾಗ ಬರೆದುಕೊಟ್ಟಿತು. ಆ ಕಾಗದದ ಕೆಳಗೆ ಆಧಾರವೆಂದು ನಿಮ್ಮೂರಿನ ಹೆಸರಿದೆ. ನಾನು ಉತ್ತರ ತಿದ್ದಲಿಲ್ಲ. ಪದವಿ ಸಿಗದವರನ್ನು ನಮ್ಮಲ್ಲಿ ಕೆಲಸಕ್ಕೆ ಕಳಿಸುವುದು ನಗರಸಭೆಯೇ. ನನ್ನನ್ನು ಕೊಳವೆ ಕಾಯಲು ತಂಪುಕೋಟೆಗೆ ಹಾಕಿದ್ದಾರೆ. ಹೋದ ವಾರ ನೋಡಲು ಹೋದಾಗ ಅಲ್ಲಿ ಗಾಳಿ ಕಣ್ಣು ಚುಚ್ಚುತ್ತಿತ್ತು. ಹೊಸ ಬಣ್ಣದ ವಾಸನೆ ಎಂದರು. ಆ ವಾಸನೆ ನನಗೆ ಗೊತ್ತು.

ಈ ಕಾಗದವನ್ನು ಬಾಳಾಟದೊಳಗೆ ನಿಮ್ಮ ರೊಟ್ಟಿ ಬುಟ್ಟಿಯ ಅಡಿಯಲ್ಲಿ ಇಡುತ್ತೇನೆ. ನಿಮ್ಮ ಕಡೆಯಿಂದ ಇಲ್ಲಿಗೆ ದಾರಿ ಇದ್ದರೆ ಇಲ್ಲಿಂದಲೂ ಇರಬಹುದೆಂಬ ಹುಚ್ಚು ಆಸೆ. ಮಂಗಳವಾರಕ್ಕೆ ಮೊದಲೇ ಸಿಕ್ಕಿದರೆ, ಆವತ್ತು ಫಕೀರವ್ವನ ಬುತ್ತಿ ಬಚ್ಚಿಡಿ, ಜಗಳ ತೆಗೆಯಿರಿ, ಬಾಗಿಲಿಗೆ ಅಡ್ಡ ಮಲಗಿಬಿಡಿ. ಮಿಕ್ಕ ಹದಿನೆಂಟು ಮನೆಗೂ ಓಡಿ. ಅದು ಕಳೆದಮೇಲೆ ಸಿಕ್ಕಿದರೆ, ತಾಯಿ, ಎದೆ ಗಟ್ಟಿ ಮಾಡಿಕೊಂಡು ಒಂದೇ ಒಂದು ಸಲ ಆ ಮಾತನ್ನು ಆಡಿ. ಸತ್ತಳು ಅನ್ನಿ. ಯಾರು, ಎಲ್ಲಿ, ಯಾವುದರಿಂದ ಎಂದು ಹೆಸರು ಹಿಡಿದು ಹೇಳಿ. ನೀವು ಹೇಳದಿದ್ದರೆ ನಮ್ಮಲ್ಲಿ ಯಾರೂ ನಂಬುವುದಿಲ್ಲ.

ನಾಳೆ ಬೆಳಿಗ್ಗೆ ತಂಪುಕೋಟೆಯ ಬಂಡಿ ಬರುತ್ತದೆ. ಹಾಸ್ಟೆಲ್ ಬಿಟ್ಟು ಮನೆಗೆ ಬಂದಿದ್ದೇನೆ, ನನ್ನ ಹೆತ್ತ ಅವ್ವ ಬಾಗಿಲಲ್ಲಿ ನಿಂತಿರುತ್ತಾಳೆ. ಅವಳನ್ನು ಅವ್ವ ಎಂದು ಕರೆಯುವುದನ್ನೂ ನಿಮ್ಮಿಂದಲೇ ಕಲಿತೆ. ಬರ್ತೇನಿ ಎಂಬ ನಿಂಗಜ್ಜಿಯ ಮಾತನ್ನು ಅವಳಿಗೂ ಹೇಳಿಕೊಟ್ಟಿದ್ದೇನೆ. ಈಗ ಅದನ್ನು ನನ್ನ ಬಾಯಿಂದ ಕೇಳದೆ ಒಳಗೆ ಹೋಗುವವಳಲ್ಲ. ಆದರೆ ನಮ್ಮ ಮನೆಗಳ ಮಾತನ್ನೂ ತುಂಬುಗ ಕೇಳಿಸಿಕೊಳ್ಳುತ್ತಿದೆ. ಮುಂದೆಂದೋ ಯಾವಳೋ ಹುಡುಗಿ ಪದವಿಗಾಗಿ ನನ್ನ ಅವ್ವನಾಗಿ ಬದುಕುವಾಗ, ನಾನು ಸಂಜೆ ಸಂಜೆ ಬಂದು ಅವಳ ಮುಂದೆ ಕಾಲು ತೊಳೆಯುತ್ತಿರಬಾರದು. ಅವ್ವ ಬೈಯಲಿ, ಬೆನ್ನಿಗೆ ಗುದ್ದಲಿ. ನಾಳೆ ಹೇಳಬೇಕಾದ್ದನ್ನು ನಾಲಿಗೆ ತಪ್ಪದಿರಲೆಂದು ಇಲ್ಲೇ ಬರೆದುಕೊಳ್ಳುತ್ತೇನೆ.

ಅವ್ವಾ, ಹೋಗ್ತೇನಿ.

ಸೌಗಂಧಿ