ಫೋಟೊದ ಕೆಳಗಿನ ಕಪ್ಪು

ಲೋಗನ್, ಯೂಟಾ

ಅಮ್ಮಾ,

ನೀನು ತೀರಿಕೊಂಡ ಮೇಲೆ ಇವತ್ತು ಮೊದಲ ಸಲ ಫೋಟೊ ಪೆಟ್ಟಿಗೆ ತೆರೆದೆ. ಚರ್ಚಿನ ಹೆಂಗಸರು ಚಿತ್ರಗಳನ್ನು ಕತ್ತರಿಸಿ, ಅಂಟಿಸಿ, ನೆನಪಿನ ಪುಸ್ತಕ ಮಾಡುವುದನ್ನು ಕಲಿಸುತ್ತಿದ್ದಾರೆ. ಮೊದಲ ಹಾಳೆಗೆಂದು ನದಿ ದಂಡೆಯ ಹುಲ್ಲಿನಲ್ಲಿ ನಾನು ಕೂತಿರುವ ಚಿತ್ರ ಒಯ್ದಿದ್ದೆ.

"ಕೆಳಗಡೆ ಕಪ್ಪಗಿರೋದನ್ನ ತೆಗೆದುಬಿಡೇ. ಕತ್ತರಿ ಏನು ಕಚ್ಚುತ್ತಾ?" ಎಂದರು ಕಲಿಸುತ್ತಿದ್ದ ವರ್ಲೀನ್ ಅಕ್ಕ. ಎಲ್ಲರೂ ನಕ್ಕರು. ನಾಚಿಕೆಯಾಗಿ ಕತ್ತರಿಸಿಬಿಟ್ಟೆ.

ತುಂಡು ಬೇರೆಯಾದ ಮೇಲೆ ಗೊತ್ತಾಯಿತು, ಅದು ಕ್ಯಾಮೆರಾ ಹಿಡಿದು ನಿಂತ ನಿನ್ನ ನೆರಳು, ಹುಲ್ಲಿನ ಮೇಲೆ ಬಿದ್ದದ್ದು. ಪೆಟ್ಟಿಗೆಯ ಬೇರೆ ಯಾವ ಚಿತ್ರದಲ್ಲೂ ನೀನಿಲ್ಲ. ಎಲ್ಲವನ್ನೂ ತೆಗೆದವಳು ನೀನೇ.

ಹಾಳೆಯ ನಡುವೆ ಆ ತುಂಡನ್ನೊಂದೇ ಅಂಟಿಸಿದೆ.

"ಅಯ್ಯೋ ಹುಡುಗಿ, ಕಸ ಅಂಟಿಸಿದ್ದೀಯಲ್ಲೇ! ಏನದು?" ಎಂದರು ವರ್ಲೀನ್ ಅಕ್ಕ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅಮ್ಮಾ.

"ಹುಲ್ಲು" ಎಂದೆ.