ಸೋತುಕೊಡದ ಹುಲಿ

ಕೊತ್ತತ್ತಿ,
೧೬ ಫೆಬ್ರುವರಿ ೨೦೨೫

ಪ್ರೀತಿಯ ಅಣ್ಣ,

ಹೇಗಿದ್ದೀಯ? ಅತ್ತಿಗೆಯ ಬೆನ್ನುನೋವು ಕಡಿಮೆಯಾಯಿತೇ? ನೀನು ಎರಡೇ ಮಾತಿಗೆ ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅವ್ವ ಚೆನ್ನಾಗಿದ್ದಾಳೆ.

ಲಕ್ವ ಹೊಡೆದ ಮೇಲೆ ಅಪ್ಪನ ಬಲಗೈ ಇನ್ನೂ ಏಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅಪ್ಪನನ್ನು ಕುಗ್ಗಿಸಿದ್ದು ಹುಲಿಕುರಿ ಆಟ. ಕಟ್ಟೆಯ ಮೇಲೆ ಅಪ್ಪನನ್ನು ಸೋಲಿಸುವವರೇ ಇರಲಿಲ್ಲ, ನಿನಗೆ ಗೊತ್ತು. ಕಾಯಿಲೆ ಬಿದ್ದ ಮೇಲೆ ಪಕ್ಕದ ಮನೆ ಚಿಕ್ಕಬೋರಯ್ಯ ಮಾವ ಮನೆಗೇ ಬಂದು, ಬೇಕೆಂದೇ ಸೋಲುತ್ತಿದ್ದ. ಮೂರನೆಯ ದಿನ ಅಪ್ಪ ಎಡಗೈಯಲ್ಲಿ ಹರಳುಗಳನ್ನೆಲ್ಲ ತಳ್ಳಿ, "ನಾನಿನ್ನೂ ಸತ್ತಿಲ್ಲ ಕಣ್ಲಾ" ಅಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳಲ್ಲವೇ ನಾನು, ಆ ಆಟವನ್ನು ಲ್ಯಾಪ್‌ಟಾಪಿಗೆ ಬರೆದೆ. ಅಪ್ಪನದು ಕುರಿ, ಯಂತ್ರದ್ದು ಹುಲಿ. ತಾನು ಹೀಗೆ ನಡೆದರೆ ಅಪ್ಪ ಏನು ನಡೆಸುತ್ತಾನೆ, ಆಗ ತಾನೇನು ಮಾಡಬೇಕು ಎಂದು ಆರು ನಡೆ ಮುಂದಕ್ಕೆ ಹೋಗಿ ಹುಡುಕುತ್ತದೆ. ಕೆಟ್ಟದ್ದೆಂದು ತಿಳಿದ ದಾರಿಯನ್ನು ಅಲ್ಲಿಗೇ ಬಿಟ್ಟು ಬೇರೆಯದನ್ನು ನೋಡುತ್ತದೆ. ಎದುರಿಗಿರುವವನು ಪ್ರತಿ ಸಲವೂ ಒಳ್ಳೆಯ ನಡೆಯನ್ನೇ ನಡೆಸುತ್ತಾನೆ ಎಂದೇ ಅದರ ಲೆಕ್ಕ. ಇದನ್ನು ಹೇಳಿದಾಗ ಅಪ್ಪ ಎದ್ದು ಕೂತ. "ಅಂಗಾರೆ ನನ್ನ ಜಾಣ ಅಂತ್ಲೇ ತಿಳ್ಕಂಡದಾ?" ಅಂದ.

ಒಂಬತ್ತು ದಿನ ಬರೀ ಸೋತ. ಬೆವರು ಒರೆಸಿಕೊಂಡು ಮತ್ತೆ ಮತ್ತೆ ಕೂರುವುದನ್ನು ನೋಡಲಾರದೆ, ಹತ್ತನೆಯ ದಿನ ನಾನು ಅದು ಹುಡುಕುವ ಆರು ನಡೆಯನ್ನು ಎರಡಕ್ಕೆ ಇಳಿಸಿಬಿಟ್ಟೆ. ಅಪ್ಪ ಗೆದ್ದ. ಆದರೆ ನಗಲಿಲ್ಲ. ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, "ಇದಕ್ಕೂ ಸುಳ್ಳು ಕಲಿಸ್ಬುಟ್ಯಾ ಮಗ?" ಅಂದ. ಅವನ ಎದುರಿಗೇ ಮತ್ತೆ ಆರು ಮಾಡಿದೆ. ಈಗ ದಿನಾ ಸೋಲುತ್ತಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ, ಚಿಕ್ಕಬೋರಯ್ಯ ಮಾವನನ್ನು ಕರೆಸಿ ಬೈದು ಬೈದು ಆಡಿಸುತ್ತಾನೆ.

ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ ಎಂದು ಅವ್ವ ಬರೆಸಿದ್ದಾಳೆ. ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ,
ನಾಗಶ್ರೀ

ಇದೊಂದು ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತಿದ್ದೇನೆ: ಮದ್ದೂರಿನಲ್ಲಿ ನಿನ್ನ ಸ್ನೇಹಿತ ರಾಜೇಂದ್ರ ಸಿಕ್ಕಿದ್ದ. ಸಕ್ಕರೆ ಕಾರ್ಖಾನೆಯ ಕೆಲಸ ಹೋಗಿ ನಿನಗೆ ನಾಲ್ಕು ತಿಂಗಳಾಯಿತಂತೆ. ಅಪ್ಪನ ಕಾಯಿಲೆ ನೋಡಿ ಮುಚ್ಚಿಟ್ಟಿದ್ದೀಯೆಂದು ಗೊತ್ತು. ನಾನು ಅಪ್ಪನಿಗೆ ಹೇಳಿಬಿಟ್ಟೆ. "ಬರಕ್ಕೇಳು ಅವನ್ಗೆ. ಕೂತ್ಕಂಡು ಯೋಚ್ನೆ ಮಾಡಾನ" ಅಂದ. ಬಾ ಅಣ್ಣ.