ಬಾಣಂತಿ ಮನೆಯ ಬಾಯ್ಲರ್

ಜನವರಿ 8

ಬೆಳಿಗ್ಗೆಯೇ ಎರಡನೇ ಪಾತ್ರೆ ಕಡಲಪಾಚಿ ಸಾರು, ಬಾಣಂತಿಯ ಪಥ್ಯ. ಬಟ್ಟಲು ಕಂಡೊಡನೆ ಹ್ಯೆರಿನ್ ಮುಖ ತಿರುಗಿಸಿದಳು.

"ಚಿಕ್ಕಮ್ಮ, ನನ್ನ ಮೈಯಲ್ಲೀಗ ರಕ್ತ ಇಲ್ಲ, ಬರೀ ಪಾಚಿ ಹರೀತಿದೆ."

ಬಿಡಲಿಲ್ಲ, ಕುಡಿಸಿದೆ. ಹೊರಗೆ ಮೈನಸ್ ಹದಿನೇಳು. ಹಿಂಬದಿ ಬಾಲ್ಕನಿಯ ಗ್ಯಾಸ್ ಬಾಯ್ಲರ್ ಅಡಿಯ ಪೈಪಿಗೆ ಬಿಸಿನೀರು ಹರಿಸಿ ನೆಲ ಬೆಚ್ಚಗಿಟ್ಟಿದೆ, ಅದೊಂದು ಪುಣ್ಯ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ 'ಕಾಳು' ಎಂದೇ ಕರೆಯುತ್ತಿದ್ದೇವೆ. ಹಬೆಯಿಂದ ಈಗಷ್ಟೇ ತೆಗೆದ ಅಕ್ಕಿ ಕಡುಬಿನ ಹಾಗೆ ನೆಲದ ಹಾಸಿನ ಮೇಲೆ ಮಲಗಿದ್ದಾನೆ.

ಇವಳ ಅಮ್ಮ, ನನ್ನ ಅಕ್ಕ, ಬದುಕಿದ್ದರೆ ಈ ಬಾಣಂತನ ಅವಳದಾಗುತ್ತಿತ್ತು. ಹ್ಯೆರಿನ್ ಚಿಕ್ಕವಳಿದ್ದಾಗಲೇ ಹೋದಳು. ಅಂದಿನಿಂದ ಇವಳಿಗೆ ತವರು ಎಂದರೆ ನನ್ನ ಈ ಎರಡು ಕೋಣೆ. ಇವಳ ಗಂಡ ಹಡಗಿನ ಕೆಲಸದಲ್ಲಿ, ಮಾರ್ಚಿಗೆ ಬರುತ್ತಾನೆ. ಮೂರು ವಾರ ತಾಯಿ ಮಗು ಇಬ್ಬರನ್ನೂ ಬೆಚ್ಚಗಿಟ್ಟು ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಮೇಲಿನ ಮನೆಯ ಪ್ಯೋ, ನಮ್ಮ ಕಟ್ಟಡದ ಸಂಘದ ಅಧ್ಯಕ್ಷ, ಮೆಟ್ಟಿಲ ಬಳಿ ನೋಟಿಸು ಅಂಟಿಸಿದ್ದಾನೆ — ನಲ್ಲಿ ಸಣ್ಣಗೆ ಬಿಟ್ಟಿರಿ. ಬಿಟ್ಟಿದ್ದೇನೆ. ಬಿಸಿನೀರು, ತಣ್ಣೀರು ಎರಡೂ ಬರುವ ಹಾಗೆ ಹಿಡಿಯನ್ನು ನಡುವೆ ನಿಲ್ಲಿಸಿ. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ. ಹೊರಗೋಡೆಯ ಪೈಪಿಗೆ ಹೊದಿಕೆ ಹಾಕಿಸಿ ಎಂದು ಪ್ರತಿ ಶರತ್ಕಾಲದ ಸಭೆಯಲ್ಲೂ ಎದ್ದು ನಿಂತು ಹೇಳಿದವಳು ನಾನು. ಪ್ರತಿ ಸಲ "ನೋಡೋಣ". ಈ ದೇಶಕ್ಕೆ ಚಳಿ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಎಲ್ಲರಿಗೂ ಆಶ್ಚರ್ಯವಾಗುತ್ತದೆ.

ಜನವರಿ 9

ಬೀಗಿತ್ತಿ ಬಂದರು. ಬೀಗರ ಮನೆಯೂ ಪಾಯಿಖಾನೆಯೂ ದೂರವಿದ್ದಷ್ಟೂ ಒಳ್ಳೆಯದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹ್ಯೆರಿನ್‌ಳ ಅತ್ತೆ, ಹೆಸರು ತಾಕ್, ಕಲ್ಲಿದ್ದಲು ಗಣಿಯ ಊರಿನಲ್ಲಿ ಬೆಳೆದವರು. ಗಂಟಲು ದೊಡ್ಡದು. ಕಂಕುಳಲ್ಲಿ ಒಣಮೀನಿನ ಕಟ್ಟು, ಬೆನ್ನಿಗೆ ಅಕ್ಕಿ. ಬಾಗಿಲಲ್ಲೇ ನಿಂತರು.

"ಮೂರು ವಾರ ಹೊರಗಿನವರು ಬರಬಾರದು ಅಂತಾರೆ. ನಾನು ಹೊರಗಿನವಳೋ ಒಳಗಿನವಳೋ, ಬೀಗರೇ?"

"ಮೊದ್ಲು ಒಳಗೆ ಬನ್ನಿ, ಚಳಿ ನುಗ್ತಿದೆ."

"ಅಂದ್ರೆ ಚಳಿ ದೆಸೆಯಿಂದ ಒಳಗಿನವಳಾದೆ."

ಕೂತ ಮೇಲೆ ಅಸಲು ಮಾತು. ಸೊಸೆ ಮೊಮ್ಮಗ ಇಬ್ಬರನ್ನೂ ಕರೆದುಕೊಂಡು ಹೋಗಬೇಕಂತೆ.

"ನಮ್ದು ಹೊಸ ಅಪಾರ್ಟ್‌ಮೆಂಟು. ಅಲ್ಲಿ ಚಳಿನ ಕಿಟಕಿಯಿಂದ ನೋಡೋದಷ್ಟೆ. ನಿಮ್ಮ ಬಾಯ್ಲರ್ ಕೆಟ್ರೆ?"

"ಇಷ್ಟು ವರ್ಷ ಕೆಟ್ಟಿಲ್ಲ."

"ಅದಕ್ಕೇ ಭಯ."

ಹ್ಯೆರಿನ್ ಹೊದಿಕೆಯ ಕೆಳಗಿಂದ ನನ್ನ ಕೈ ಹಿಡಿದುಕೊಂಡಳು. ಹೋಗಲು ಇಷ್ಟವಿಲ್ಲ. ಸಂಜೆ ಹಿಮ ಸುರಿದು ಬಸ್ಸು ನಿಂತಿತು. ಬೀಗಿತ್ತಿ ಉಳಿದರು.

ಜನವರಿ 10, ಬೆಳಿಗ್ಗೆ

ಬಿಸಿನೀರಿಲ್ಲ. ತಣ್ಣೀರು ಬರುತ್ತಿದೆ. ನೆಲವೂ ಬಿಸಿಯಾಗಿದೆ, ಅದರ ಪೈಪು ಬೇರೆ. ಬಿಸಿನೀರಿನ ಕಡೆ ಮಾತ್ರ ಒಂದು ಹನಿಯೂ ಇಲ್ಲ. ನಲ್ಲಿಯ ಹಿಡಿ ಪೂರ್ತಿ ತಣ್ಣೀರಿನ ಕಡೆಗೆ ತಿರುಗಿದೆ. ನಾನು ತಿರುಗಿಸಿದ್ದಲ್ಲ.

"ನಾನೇ," ಎಂದರು ಬೀಗಿತ್ತಿ. "ಬಿಸಿನೀರು ಸುಮ್ಮನೆ ಚರಂಡಿಗೆ ಹೋಗ್ತಿತ್ತು. ಹನಿ ಬಿಡೋದೇ ಆದ್ರೆ ತಣ್ಣೀರು ಬಿಟ್ರೆ ಸಾಲದಾ?"

"ಹಾಗಾದ್ರೆ ಬಿಸಿನೀರಿನ ಪೈಪು ಹೆಪ್ಪುಗಟ್ಟುತ್ತೆ, ಬೀಗರೇ. ಹೆಪ್ಪುಗಟ್ಟೇ ಬಿಟ್ಟಿದೆ."

"ಬಿಸಿನೀರೂ ಹೆಪ್ಪುಗಟ್ಟುತ್ತಾ!"

 ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೆಟಲಿನಲ್ಲಿ ನೀರು ಕಾಯಿಸಿ ಕೂಸನ್ನು ಮೀಯಿಸಿದೆವು. ಬಾಣಂತಿ ತಣ್ಣೀರು ಮುಟ್ಟಬಾರದು. ಮುಖ ತೊಳೆಯಲೂ ಕೆಟಲು.

ಜನವರಿ 11

ರಿಪೇರಿಯವನು ಫೋನು ಎತ್ತಿದ್ದೇ ಒಂದು ಉಪಕಾರ. ಮುಂದಿನ ವಾರ ಬರುತ್ತಾನಂತೆ. ಊರಿಗೆ ಊರೇ ಹೆಪ್ಪುಗಟ್ಟಿದೆ. ಪ್ಯೋ ಮೆಟ್ಟಿಲಲ್ಲಿ ಸಿಕ್ಕ.

"ಹೊದಿಕೆ ಹಾಕಿಸಿ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನಿ, ಪ್ಯೋ ಅವರೇ?"

"ಮೇಡಂ, ನೀವು ಚಳಿ ಮೇಲೇ ಒಂದು ಕೇಸು ಹಾಕಿ. ನಾನು ಸಾಕ್ಷಿ ಹೇಳ್ತೀನಿ."

ನಗು ಬೇರೆ. ನಗರಸಭೆಯಿಂದ ಬೆಳಗಿನಿಂದ ಮೊಬೈಲಿಗೆ ಎಚ್ಚರಿಕೆಯ ಮೇಲೆ ಎಚ್ಚರಿಕೆ, ಸಹಾಯಕ್ಕೆ ಒಬ್ಬ ಮನುಷ್ಯನೂ ಇಲ್ಲ. ನೆಲ ಕಾಯಿಸಲು ಅದರಡಿ ಕಲ್ಲಿದ್ದಲು ಬಿಲ್ಲೆಯ ಒಲೆಯಿದ್ದ ಕಾಲದಲ್ಲಿ ಇಷ್ಟೂ ಇರಲಿಲ್ಲ. ನೆಲದ ಬಿರುಕಿನಿಂದ ವಿಷಗಾಳಿ ಬಂದು ಮನೆಮಂದಿಯೆಲ್ಲ ಮಲಗಿದಲ್ಲೇ ಹೋಗುತ್ತಿದ್ದರು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಅವನ್ನು ಕತ್ತರಿಸಿ ಇಟ್ಟವಳು ನಾನು. ಎಲ್ಲರೂ ಮರೆತರು, ನಾನು ಮರೆತಿಲ್ಲ.

ಹೇರ್ ಡ್ರೈಯರ್ ಹಿಡಿದು ಹಿಂಬದಿಯ ಬಾಲ್ಕನಿಯಲ್ಲಿ, ಬಾಯ್ಲರ್ ಕೆಳಗೆ ಕುಕ್ಕರಗಾಲಿನಲ್ಲಿ ಕೂತೆ. ಬೀಗಿತ್ತಿ ಬಿಸಿ ಟವೆಲು ಹಿಂಡಿ ಹಿಂಡಿ ಪೈಪಿಗೆ ಸುತ್ತಿದರು.  ಕತ್ತಲಾಗುವವರೆಗೂ ಏನೂ ಆಗಲಿಲ್ಲ.

ಜನವರಿ 12

ಬಂತು! ಮೊದಲು ನಲ್ಲಿ ಕೆಮ್ಮಿತು, ಆಮೇಲೆ ಉಗುಳಿತು, ಆಮೇಲೆ ಹಬೆ. ಬೀಗಿತ್ತಿ ನನ್ನ ಭುಜಕ್ಕೊಂದು ಕೊಟ್ಟರು. "ಆಹಾ, ಗಂಡುಮಗು ಹುಟ್ಟಿದಷ್ಟು ಖುಷಿ ಆಯ್ತು ನೋಡಿ!" ಒಳಗಿನಿಂದ ಹ್ಯೆರಿನ್: "ಹುಟ್ಟಿದ್ದು ಇಲ್ಲಿದೆ ಅತ್ತೆ!" ಮೂವರೂ ನಕ್ಕೆವು. ಬೆರಳು ಬಿರಿದು ರಕ್ತ ಬಂದಿದ್ದು ಆಮೇಲೆ ಗೊತ್ತಾಯಿತು.

ಇನ್ನೊಮ್ಮೆ ಹೀಗಾಗಲು ಬಿಡುವುದಿಲ್ಲ. ಪೈಪಿಗೆ ಹಳೆಯ ರಜಾಯಿ ಸುತ್ತಿದೆ. ಬಾಲ್ಕನಿ ಕಿಟಕಿಗೆ ಗುಳ್ಳೆ ಪ್ಲಾಸ್ಟಿಕ್ಕು. ಬಾಯ್ಲರ್ ಪಕ್ಕದ ಗೋಡೆಯಲ್ಲಿ, ಮೇಲೊಂದು ಕೆಳಗೊಂದು, ಕಟ್ಟಿದವನು ಜಾಲರಿಯ ಕಿಂಡಿ ಬಿಟ್ಟಿದ್ದಾನೆ. ಗಾಳಿ ಚೂರಿಯ ಹಾಗೆ ನುಗ್ಗುವುದೇ ಅಲ್ಲಿಂದ. ಚಳಿಯ ಊರಿನಲ್ಲಿ ಗೋಡೆಗೆ ತೂತು! ಓದಿದ ಎಂಜಿನಿಯರು ಮಾಡಿದ ಕೆಲಸ. ಎರಡಕ್ಕೂ ನನ್ನ ಹಳೇ ಹತ್ತಿಯ ಕೋಟು ಹರಿದು ತುರುಕಿ, ಮೇಲೆ ಟೇಪು. ಬೀಗಿತ್ತಿ ಕೂಸಿನ ಹತ್ತಿರ ಇದ್ದರು. ಒಬ್ಬಳೇ ಮಾಡಿದೆ. ಬಾಲ್ಕನಿ ಈಗ ಕೋಣೆಯಷ್ಟೇ ಬೆಚ್ಚಗಿದೆ. ಬಾಯ್ಲರ್ ಜೋರಾಗಿ ಇಟ್ಟಿದ್ದೇನೆ.

ಜನವರಿ 13, ಮಧ್ಯಾಹ್ನ

ತಲೆ ಭಾರ. ಎರಡು ದಿನ ಕುಕ್ಕರಗಾಲಿನಲ್ಲಿ ಕೂತದ್ದರ ಫಲ. ಹ್ಯೆರಿನ್‌ಗೂ ತಲೆನೋವು. ಬಾಣಂತಿಗೆ ಗಾಳಿ ತಗುಲಿರಬೇಕು, ಬಾಲ್ಕನಿ ಬಾಗಿಲು ತೆಗೆದಿಟ್ಟೆ, ಅಲ್ಲಿಯ ಬಿಸಿಯೂ ಒಳಗೆ ಬರಲಿ. ಬೀಗಿತ್ತಿಗೆ ಹೊಟ್ಟೆ ತೊಳಸುತ್ತಿದೆ, ಒಣಮೀನನ್ನು ಬೈಯುತ್ತಿದ್ದಾರೆ. ಸ್ವಂತ ಮೀನು!

ಕಾಳು ಮಾತ್ರ ಸುಖಿ. ಹಾಲಿಗೂ ಏಳದೆ ನಿದ್ದೆ. "ಅಜ್ಜಿ ಬಂದಳಲ್ಲ, ಅದಕ್ಕೆ," ಎಂದು ಬೀಗಿತ್ತಿ ಬೀಗಿದರು. ಬೀಗಲಿ. ನಗರಸಭೆಗೆ ಅರ್ಜಿ ಬರೆಯೋಣ ಎಂದರೆ ಅಕ್ಷರ ಸೊಟ್ಟ… ಸ್ವಲ್ಪ ಒರಗುತ್ತೇನೆ.

ಜನವರಿ 16, ಆಸ್ಪತ್ರೆ

ಇವತ್ತು ಎದ್ದು ಕೂತೆ. ಬರೆಯಬಹುದು.

ಅವತ್ತು ಒರಗಿದವಳಿಗೆ ಎಚ್ಚರವಾದದ್ದು ಚಳಿಗೆ. ಬೀಗಿತ್ತಿ ಮನೆಯ ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದರು. ಒಂದನ್ನು ಮೊಣಕೈಯಲ್ಲಿ ಒಡೆದೇ ಬಿಟ್ಟಿದ್ದರು. ಹಿಮಗಾಳಿ ನೇರ ಬಾಣಂತಿಯ ಮೇಲೆ. ನಾನು ತೆವಳಿಕೊಂಡು ಹೋಗಿ ಮುಚ್ಚಲು ನೋಡಿದೆ.

"ಹುಚ್ಚಾ ನಿಮಗೆ! ಮಗು ಸಾಯುತ್ತೆ!"

"ಕೈ ತೆಗೀರಿ! ಗ್ಯಾಸು! ನನ್ನ ತಂಗಿ ಹೀಗೇ ಮಲಗಿದ್ಲು, ಹೀಗೇ ಕೆಂಪಗೆ, ಚೆನ್ನಾಗಿ ನಿದ್ದೆ ಮಾಡ್ತಿದ್ದಾಳೆ ಅಂತ ನಮ್ಮಮ್ಮ ಹೊದಿಸಿದ್ಲು!"

ಆದರೂ ಕಿಟಕಿ ಬಿಡಲಿಲ್ಲ ನಾನು. ಅವರು ಕೈಗೆ ಹೊಡೆದರು. ಕೂಸನ್ನು ಎದೆಗವಚಿ, ಹ್ಯೆರಿನ್‌ಳನ್ನು ಇನ್ನೊಂದು ಕೈಯಲ್ಲಿ ಎಳೆದುಕೊಂಡು ಮೆಟ್ಟಿಲಿಳಿದರು. ಪ್ಯೋ ಓಡಿಬಂದು ನನ್ನನ್ನು ಹೊತ್ತ. ಹಿಮದಲ್ಲಿ ಬರಿಗಾಲಲ್ಲಿ ಎಲ್ಲರೂ.

ಅಗ್ನಿಶಾಮಕದವನು ಬಾಲ್ಕನಿ ನೋಡಿ ಬಂದ. ಈ ಹಳೇ ಬಾಯ್ಲರ್ ಉರಿಯಲು ಗಾಳಿ ತೆಗೆದುಕೊಳ್ಳುವುದು ಆ ಎರಡು ಕಿಂಡಿಯಿಂದಲೇ. ಮುಚ್ಚಿದರೆ ಉರಿ ಕೆಡುತ್ತದೆ, ವಿಷಗಾಳಿ ಮನೆಯೊಳಗೇ ತುಂಬುತ್ತದೆ.

"ಕಿಂಡಿ ಮುಚ್ಚಿದ್ದು ಯಾರು?"

ಬಾಯಿ ತೆರೆದೆ. ಬೀಗಿತ್ತಿ ನನಗಿಂತ ಮೊದಲು.

"ನಾನು. ಚಳಿ ಬರ್ತಿತ್ತು, ಮುಚ್ಚಿದೆ. ಗೊತ್ತಾಗ್ಲಿಲ್ಲ."

ಸ್ಟ್ರೆಚರಿನ ಮೇಲಿಂದ ಹ್ಯೆರಿನ್ ಕೇಳಿಸಿಕೊಂಡಳು. ನಾನು ಬಾಯಿ ಮುಚ್ಚಿದೆ. ಇಷ್ಟೇ.

ಜನವರಿ 17

ಹ್ಯೆರಿನ್‌ಗೆ ಅಪಾಯವಿಲ್ಲ. ಕಾಳು ಇನ್ನೂ ಆಮ್ಲಜನಕದ ಪೆಟ್ಟಿಗೆಯಲ್ಲಿ. ಕೈಕಾಲು ಆಡಿಸುತ್ತಾನೆ. ಮೆದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

"ಅತ್ತೆ ಮಗು ಹತ್ರ ಬರೋದು ಬೇಡ," ಎಂದಳು ಹ್ಯೆರಿನ್. "ಮೊದ್ಲು ನಲ್ಲಿ, ಆಮೇಲೆ ಕಿಂಡಿ. ಇನ್ನೇನು ಮುಟ್ತಾರೋ. ಚಿಕ್ಕಮ್ಮ, ನೀವಿಲ್ದಿದ್ರೆ…"

 ಕೆಳಗೆ ಹೋದೆ. ಬೀಗಿತ್ತಿ ಚಹಾ ಯಂತ್ರದ ಪಕ್ಕದ ಬೆಂಚಿನಲ್ಲಿ. ಕೈಗೆ ಬ್ಯಾಂಡೇಜು.

"ಯಾಕೆ ಹಾಗಂದ್ರಿ?"

"ಹಾಲು ಕುಡೀತಾ ಇದ್ದಾನಾ?"

"ಬೀಗರೇ, ಯಾಕೆ?"

"ಸೊಸೆಗೆ ಅತ್ತೆ ಕಂಡ್ರೆ ಆಗದೇ ಇರೋದು ಲೋಕದಲ್ಲಿ ಹೊಸದೇನಲ್ಲ. ನಡೆದುಹೋಗುತ್ತೆ. ಅವಳಿಗೆ ತವರು ಅಂತ ಇರೋರು ನೀವೊಬ್ರೇ. ಅದೂ ಇಲ್ದಂಗೆ ಮಾಡ್ಬೇಕಾ? ಹೋಗಿ, ಸಾರು ತಣ್ಣಗಾಗುತ್ತೆ."

ಸಂಘದ ಮುಂದೆ, ನಗರಸಭೆಯ ಮುಂದೆ, ಇಡೀ ಊರಿನ ಮುಂದೆ ಎದ್ದು ನಿಂತು ಸತ್ಯ ಹೇಳಿದವಳು ನಾನು. ಮೆಟ್ಟಿಲು ಹತ್ತಿ ಬಂದು ಹ್ಯೆರಿನ್‌ಗೆ ಸಾರು ಕುಡಿಸಿದೆ. ಈ ಸಲ ಪೂರ್ತಿ ಕುಡಿದಳು, ಬಟ್ಟಲು ನನ್ನ ಕೈಗೆ ಕೊಟ್ಟು ನಕ್ಕಳು ಕೂಡ.

ಜನವರಿ 18

ಹಾಲು ಕುಡಿದ. ಚೀಪಿ ಚೀಪಿ ಕುಡಿದ. ನರ್ಸ್ ಬಂದು ಹೇಳಿದಳು: ಮಧ್ಯಾಹ್ನ ಮನೆಯವರಲ್ಲಿ ಇಬ್ಬರು ಒಳಗೆ ಹೋಗಿ ಎತ್ತಿಕೊಳ್ಳಬಹುದು, ತಾಯಿಯ ಜೊತೆ ಇನ್ನೊಬ್ಬರು.

"ಚಿಕ್ಕಮ್ಮ ಬರ್ತಾರೆ," ಎಂದಳು ಹ್ಯೆರಿನ್. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅಷ್ಟು ನಂಬಿಕೆ.

ಕೈ ತೊಳೆದು ನಿಲುವಂಗಿ ಹಾಕಿಕೊಳ್ಳಿ ಎಂದು ಕೊಟ್ಟಿದ್ದಾರೆ. ತೊಡೆಯ ಮೇಲಿದೆ. ಕೆಳಗೆ ಹೋಗಿ ಇದನ್ನು ಬೀಗಿತ್ತಿಗೆ ತೊಡಿಸುತ್ತೇನೆ. ಅವರು ಒಲ್ಲೆ ಎನ್ನುತ್ತಾರೆ. ಎನ್ನಲಿ, ಕೈ ಹಿಡಿದು ಎಳೆದುಕೊಂಡೇ ಬರುತ್ತೇನೆ. ಬಾಗಿಲಲ್ಲಿ ಹ್ಯೆರಿನ್ ಕೇಳುತ್ತಾಳೆ, ಇವರು ಯಾಕೆ ಎಂದು. ಆಗ ಹೇಳಬೇಕು. ಚಳಿ, ಪ್ಯೋ, ಎಂಜಿನಿಯರು, ಯಾವುದನ್ನೂ ಮುಂದೆ ತರದೆ. ಕೋಟು ನನ್ನದು, ಟೇಪು ನನ್ನದು, ತುರುಕಿದ ಕೈ

ಕರೆಯುತ್ತಿದ್ದಾರೆ